"ಇದು ಹಳೇದಾಯ್ತು" ಅಂತ ತೀರ್ಮಾನ ಮಾಡೋರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಫೋನು, ಟೀವಿ, ಕಂಪ್ಯೂಟರ್, ಆಪ್ ಇವೆಲ್ಲ ಮಾಡಿ ಮಾರೋ ಕಂಪನಿಯವರಿಗೆ, ಅದಕ್ಕೆಲ್ಲ ನಿಯಮ ಬರೆಯೋ ಸರ್ಕಾರಗಳಿಗೆ, ಮತ್ತೆ ವರ್ಷಕ್ಕೊಂದ್ಸಲ "ಇನ್ನೈದು ವರ್ಷದಲ್ಲಿ ಕಣ್ಮರೆಯಾಗೋ ವಸ್ತುಗಳು" ಅಂತ ಪಟ್ಟಿ ಹಾಕೋ ಎಲ್ರಿಗೂ ಸೇರಿಸಿ ಈ ಪತ್ರ ಬರೀತಿದೀನಿ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪಂಗೆ ಬಿಪಿ ಇದೆ. ಆರೇಳು ವರ್ಷದ ಹಿಂದೆ ಅವರಿಗೆ ಅಂತ ಒಂದು ಬಿಪಿ ಮಷಿನ್ ತಗೊಂಡ್ವಿ, ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದ್ರೆ ರೀಡಿಂಗ್ ಬ್ಲೂಟೂತಲ್ಲಿ ಸೀದಾ ಫೋನಿಗೆ ಬರುತ್ತೆ, ದಿನದಿನದ ಲೆಕ್ಕ ಗ್ರಾಫ್ ಥರ ಕಾಣ್ಸುತ್ತೆ, ಡಾಕ್ಟರಿಗೆ ತೋರ್ಸೋಕೂ ಸುಲಭ. ಮಷಿನ್ ಮೇಲೆ ನಂಬರ್ ತೋರ್ಸೋ ಪರದೆ ಇರ್ಲಿಲ್ಲ, ಒಂದು ಪುಟ್ಟ ಹಸಿರು ಲೈಟ್ ಅಷ್ಟೇ, ಆಗ ನಂಗೆ ಅದೇ ಚೆಂದ ಅನ್ಸಿತ್ತು. ಹೋದ ವರ್ಷ ಅಪ್ಪನ ಫೋನ್ ಕೆಟ್ಟೋಯ್ತು, ಹೊಸ ಫೋನಿಗೆ ಆ ಆಪ್ ಹಾಕೋಣ ಅಂತ ಹುಡುಕಿದ್ರೆ ಆಪೇ ಇಲ್ಲ. ಕಂಪನಿಗೆ ಮೇಲ್ ಹಾಕ್ದೆ. ನಾಲ್ಕು ದಿನ ಬಿಟ್ಟು ಎರಡು ಸಾಲಿನ ಉತ್ತರ ಬಂತು, ಈ ಮಾಡೆಲ್‌ಗೆ ಸಪೋರ್ಟ್ ನಿಲ್ಲಿಸಿದೀವಿ, ಹೊಸ ಮಾಡೆಲ್ ನೋಡಿ ಅಂತ. ಇಷ್ಟು ವರ್ಷದ ಹಳೇ ರೀಡಿಂಗ್ ಎಲ್ಲ ಎಲ್ಲಿ ಹೋಯ್ತು ಅಂತ ಮತ್ತೆ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಆ ಮಷಿನ್ ಈಗ್ಲೂ ಗಟ್ಟಿಮುಟ್ಟಾಗಿದೆ. ಬಟನ್ ಒತ್ತಿದ್ರೆ ಗುರ್ ಅಂತ ಗಾಳಿ ತುಂಬ್ಕೊಳ್ಳುತ್ತೆ, ತೋಳು ಬಿಗಿಯುತ್ತೆ, ಆಮೇಲೆ ಸುಯ್ ಅಂತ ನಿಧಾನಕ್ಕೆ ಗಾಳಿ ಬಿಡುತ್ತೆ, ಹಸಿರು ಲೈಟ್ ಎರಡು ಸಲ ಮಿನುಗುತ್ತೆ. ಅಂದ್ರೆ ಅಳತೆ ಆಯ್ತು, ಅದಕ್ಕೆ ಉತ್ತರ ಗೊತ್ತಿದೆ, ನಮಗೆ ಹೇಳೋಕೆ ದಾರಿ ಇಲ್ಲ. ಅಪ್ಪ ಟೇಬಲ್ ಮೇಲೆ ತೋಳು ಚಾಚ್ಕೊಂಡು ನನ್ನ ಮುಖ ನೋಡ್ತಾ "ಎಷ್ಟು ಬಂತಮ್ಮಾ?" ಅಂತ ಕೇಳಿದ್ರು. ನನ್ ಹತ್ರ ಹೇಳೋಕೆ ಏನೂ ಇರ್ಲಿಲ್ಲ. ಆಮೇಲೆ ಬೀರು ಮೇಲಿಂದ ಹಳೇ ಮಷಿನ್ ಇಳಿಸಿದ್ವಿ, ಕೈಯಲ್ಲಿ ರಬ್ಬರ್ ಬುರುಡೆ ಒತ್ತಿ ಗಾಳಿ ತುಂಬೋದು, ದುಂಡಗಿನ ಡಯಲ್ ಮೇಲೆ ಮುಳ್ಳು ಓಡುತ್ತೆ, ಕಿವಿಗೆ ಸ್ಟೆತೊಸ್ಕೋಪ್ ಇಟ್ಕೊಂಡು ಕೇಳ್ಬೇಕು. ಡಾಕ್ಟರ್ ಹತ್ರ ತಗೊಂಡ್ಹೋಗಿ ಅವರ ಮಷಿನ್ ಜೊತೆ ಹೋಲಿಸಿ ನೋಡಿದ್ವಿ, ಸರಿಯಾಗೇ ತೋರಿಸ್ತಿತ್ತು. ಅದಕ್ಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಗಿದೆ.

ಅವತ್ತಿಂದ ನನ್ ತಲೇಲಿ ಒಂದೇ ಪ್ರಶ್ನೆ ಓಡ್ತಿದೆ. ಈ ಎರಡರಲ್ಲಿ ಯಾವುದು ಹಳೇದಾಯ್ತು? ನೀವು ಹಾಕೋ ಪಟ್ಟಿಗಳಲ್ಲಿ ಡಯಲ್ ಮಷಿನ್ ಇರುತ್ತೆ, ಬಟನ್ ಫೋನ್ ಇರುತ್ತೆ, ರೇಡಿಯೋ ಇರುತ್ತೆ, ನೋಟು ಚಿಲ್ಲರೆ ಇರುತ್ತೆ, ವೈರ್ ಇರೋ ಇಯರ್‌ಫೋನ್ ಇರುತ್ತೆ. ನಾನು ನೋಡಿದ ಮಟ್ಟಿಗೆ ಮೊದಲು ಹೋಗ್ತಿರೋದು ಈ ಕಡೆಯವು. ಬುದ್ಧಿವಂತ ಅಂತ ಹೆಸರು ಹಾಕ್ಕೊಂಡು ಬಂದವು, ಎಲ್ಲೋ ದೂರದಲ್ಲಿರೋ ಸರ್ವರ್ ಹತ್ರ ಒಂದು ಮಾತು ಕೇಳದೇ ಕೆಲಸ ಮಾಡದವು, ಅವೇ ಬೇಗ ಹೋಗ್ತಿವೆ. ನನ್ನ ಭವಿಷ್ಯ ಏನಾದ್ರೂ ಇದ್ರೆ ಇದೇ, ಮುಂದಿನ ಹತ್ತು ವರ್ಷದಲ್ಲಿ ಕಸದ ಬುಟ್ಟಿ ಸೇರೋ ದಿನಬಳಕೆ ವಸ್ತುಗಳಲ್ಲಿ ಹೆಚ್ಚಿನವು ಈಗಿನ್ನೂ ಡಬ್ಬಿಯಿಂದ ಹೊರಗೆ ಬರ್ತಿರೋ ಹೊಸ ವಸ್ತುಗಳು.

ಹಿಂದೆ ದೊಡ್ಡ ದೊಡ್ಡವರು ಹೇಳಿದ ಭವಿಷ್ಯಗಳ ಗತಿ ಏನಾಯ್ತು ಅನ್ನೋದನ್ನೂ ನೋಡೋಣ. ಸ್ಟೀವರ್ಟ್ ಆಲ್ಸಾಪ್ ಅನ್ನೋ ಅಮೆರಿಕದ ಅಂಕಣಕಾರ 1991ರಲ್ಲಿ, ಮೇನ್‌ಫ್ರೇಮ್ ಅಂದ್ರೆ ದೊಡ್ಡ ಸಂಸ್ಥೆಗಳ ಲೆಕ್ಕಾಚಾರ ನಡೆಸೋ ಬೃಹತ್ ಕಂಪ್ಯೂಟರ್, ಅಂಥ ಕೊನೇ ಕಂಪ್ಯೂಟರಿನ ಪ್ಲಗ್ಗನ್ನ 1996ರ ಮಾರ್ಚ್ 15ಕ್ಕೆ ಕೀಳ್ತಾರೆ ಅಂತ ತಾರೀಖು ಸಮೇತ ಬರೆದಿದ್ರು. ಮೇನ್‌ಫ್ರೇಮ್ ಇವತ್ತಿಗೂ ಬ್ಯಾಂಕುಗಳ ಬೆನ್ನೆಲುಬು, ಅದರ ಮೇಲೆ 1959ರಲ್ಲಿ ಶುರುವಾದ ಕೋಬಾಲ್ ಭಾಷೆಯ ಪ್ರೋಗ್ರಾಮುಗಳು ಇನ್ನೂ ಓಡ್ತಿವೆ. ಕಂಪ್ಯೂಟರುಗಳನ್ನ ತಂತಿಯಿಂದ ಒಂದಕ್ಕೊಂದು ಜೋಡಿಸೋ ಈಥರ್ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್ಕಾಫ್ 1995ರಲ್ಲಿ, ಮುಂದಿನ ವರ್ಷ ಇಂಟರ್ನೆಟ್ಟೇ ಕುಸಿದು ಬೀಳುತ್ತೆ ಅಂತ ಬರೆದ್ರು, ಸುಳ್ಳಾದ್ರೆ ನನ್ನ ಮಾತನ್ನ ನಾನೇ ತಿಂತೀನಿ ಅಂದಿದ್ರು, 1997ರಲ್ಲಿ ಒಂದು ಸಮ್ಮೇಳನದ ವೇದಿಕೆ ಮೇಲೆ ಆ ಅಂಕಣದ ಕಾಗದಾನ ಮಿಕ್ಸರಿಗೆ ಹಾಕಿ ನೀರು ಬೆರೆಸಿ ನಿಜವಾಗ್ಲೂ ತಿಂದ್ರು. ಅವರ ಆ ಪ್ರಾಮಾಣಿಕತೆ ನಂಗೆ ತುಂಬ ಇಷ್ಟ. ಕಾಗದ ಇಲ್ಲದ ಆಫೀಸ್ ಬರುತ್ತೆ ಅಂತ 1975ರಿಂದ ಹೇಳ್ತಾ ಬಂದಿದಾರೆ, ಪ್ರಿಂಟರ್ ಇನ್ನೂ ಬಿಸಿಬಿಸಿ ಕಾಗದ ಉಗುಳ್ತಿದೆ. ಗ್ರಾಮಫೋನ್ ತಟ್ಟೆ ಸತ್ತೇಹೋಯ್ತು ಅಂತ ಎಲ್ರೂ ಎಳ್ಳುನೀರು ಬಿಟ್ಟಾಗಿತ್ತು, ಅಮೆರಿಕದಲ್ಲಿ 2022ರಲ್ಲಿ ವಿನೈಲ್ ರೆಕಾರ್ಡುಗಳು ಸಿಡಿಗಳಿಗಿಂತ ಹೆಚ್ಚು ಮಾರಾಟ ಆದವು, 1987ರ ಮೇಲೆ ಅದೇ ಮೊದಲ ಸಲ. ಅದನ್ನ ಕೊಲ್ಲೋಕೆ ಅಂತ ಬಂದ ಸಿಡಿ ಈಗ ಮೂಲೆ ಸೇರಿದೆ.

ಹಾಗಂತ ಹಳೇದೆಲ್ಲ ಉಳಿಯುತ್ತೆ ಅಂತ ನಾನು ಹೇಳ್ತಿಲ್ಲ, ಹಳೇದೆಲ್ಲ ಉಳೀಬೇಕು ಅಂತಾನೂ ಹಠ ಇಲ್ಲ. ವಿಡಿಯೋ ಕ್ಯಾಸೆಟ್ ಹಾಕಿ ನೋಡೋ ವಿಸಿಆರ್ ಮಾಡ್ತಿದ್ದ ಕೊನೇ ಕಂಪನಿ ಜಪಾನಿನ ಫುನಾಯ್ 2016ರ ಜುಲೈಗೆ ನಿಲ್ಲಿಸ್ತು, ಬಿಡಿಭಾಗ ಸಿಗ್ತಿಲ್ಲ, ಕೊಳ್ಳೋರಿಲ್ಲ, ಅದು ವಯಸ್ಸಾಗಿ ಹೋದ ಸಾವು, ಅದಕ್ಕೆ ಯಾರ ಮೇಲೂ ಸಿಟ್ಟು ಬರಲ್ಲ. ಜಪಾನ್ ಸರ್ಕಾರ ಫ್ಲಾಪಿಯಲ್ಲೇ ದಾಖಲೆ ಕೊಡಬೇಕು ಅನ್ನೋ ನಿಯಮಗಳನ್ನ ಹೆಚ್ಚೂಕಮ್ಮಿ ಎಲ್ಲಾನೂ 2024ರಲ್ಲಿ ತೆಗೆದು ಹಾಕ್ತು, 1.44 ಎಂಬಿ ಹಿಡಿಯೋ ಆ ತಟ್ಟೆಗೋಸ್ಕರ ಜನ ಅಲೆದಾಡೋದು ತಪ್ಪಿತು, ಒಳ್ಳೇದೇ ಆಯ್ತು.

ಇನ್ನು ನನ್ನ ಕಣ್ಣಿಗೆ ಕಾಣ್ತಿರೋ ಪ್ರಕಾರ ನಿಜವಾಗ್ಲೂ ಹೊರಡೋಕೆ ರೆಡಿಯಾಗಿರೋ ವಸ್ತುಗಳು ಯಾವುವು? ಬ್ಯಾಂಕ್ ಕಾರ್ಡಿನ ಹಿಂದೆ ಇರೋ ಕಪ್ಪು ಪಟ್ಟಿ ಮೊದಲನೇದು. ಅದು ಹುಟ್ಟಿದ ಕಥೆ ಚೆನ್ನಾಗಿದೆ, 1960ರ ದಶಕದಲ್ಲಿ ಐಬಿಎಂ ಎಂಜಿನಿಯರ್ ಫಾರೆಸ್ಟ್ ಪ್ಯಾರಿ ಮ್ಯಾಗ್ನೆಟಿಕ್ ಟೇಪನ್ನ ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸೋಕೆ ಆಗ್ದೆ ತಲೆ ಕೆಡಿಸ್ಕೊಂಡಿದ್ದಾಗ, ಬಟ್ಟೆ ಇಸ್ತ್ರಿ ಮಾಡ್ತಿದ್ದ ಹೆಂಡತಿ ಇದೇ ಇಸ್ತ್ರಿಪೆಟ್ಟಿಗೇಲಿ ಒತ್ತಿ ನೋಡಿ ಅಂದ್ರಂತೆ, ಅಂಟ್ಕೊಂಡುಬಿಡ್ತು. 2033ರ ಹೊತ್ತಿಗೆ ನಮ್ಮ ಕಾರ್ಡುಗಳ ಮೇಲೆ ಈ ಪಟ್ಟಿ ಇರಲ್ಲ ಅಂತ ಮಾಸ್ಟರ್‌ಕಾರ್ಡ್ 2021ರಲ್ಲೇ ಹೇಳಿದೆ. ನೋಡಿ, ಹೋಗೋದಕ್ಕೆ ಹನ್ನೆರಡು ವರ್ಷ ಮುಂಚೆ ತಾರೀಖು ಹೇಳಿದಾರೆ, ಅದರ ಬದಲಿಗೆ ಬಂದ ಚಿಪ್ಪು ಎಲ್ಲರ ಕೈಲೂ ಇದೆ. ನಾನು ಕೇಳ್ತಿರೋದು ಇಂಥ ಬೀಳ್ಕೊಡುಗೇನೇ. ಸಾಮಾನಿನ ಮೇಲಿರೋ ಗೆರೆಗೆರೆ ಬಾರ್‌ಕೋಡ್ ಕೂಡ ಹಂಗೇ, 1974ರ ಜೂನ್ 26ಕ್ಕೆ ಮೊದಲ ಸಲ ಒಂದು ಚೂಯಿಂಗ್ ಗಮ್ ಪ್ಯಾಕೆಟ್ ಮೇಲೆ ಸ್ಕ್ಯಾನ್ ಆಗಿದ್ದು, 2027ರ ಕೊನೆಯೊಳಗೆ ಅಂಗಡಿಗಳ ಸ್ಕ್ಯಾನರ್‌ಗಳು ಕ್ಯೂಆರ್ ಥರದ ಚೌಕದ ಕೋಡನ್ನೂ ಓದೋ ಹಾಗಿರಬೇಕು ಅಂತ ಆ ಕೋಡುಗಳ ಜಾಗತಿಕ ಸಂಸ್ಥೆ ಜಿಎಸ್1 ಗುರಿ ಇಟ್ಕೊಂಡಿದೆ. ಪ್ಲಾಸ್ಟಿಕ್ ಸಿಮ್ ಕಾರ್ಡಿಗೂ ಜಾಸ್ತಿ ಆಯಸ್ಸಿಲ್ಲ, 2022ರಲ್ಲಿ ಬಂದ ಐಫೋನ್ 14ರಿಂದ ಮುಂದಿನ ಮಾಡೆಲ್‌ಗಳಿಗೆ ಅಮೆರಿಕದಲ್ಲಿ ಸಿಮ್ ಹಾಕೋ ಜಾಗಾನೇ ಇಲ್ಲ.

ಪಾಸ್‌ವರ್ಡ್ ವಿಷಯ ಮಾತ್ರ ನಿಧಾನ. ಪಾಸ್‌ವರ್ಡ್ ಕಾಲ ಮುಗೀತು ಅಂತ ಬಿಲ್ ಗೇಟ್ಸ್ 2004ರಲ್ಲೇ ಹೇಳಿದ್ರು, ಇಪ್ಪತ್ತು ವರ್ಷ ದಾಟಿದೆ, ನಾವಿನ್ನೂ ಒಂದು ದೊಡ್ಡಕ್ಷರ ಒಂದು ಅಂಕಿ ಒಂದು ಚಿಹ್ನೆ ಅಂತ ತಿಣುಕಾಡ್ತಾನೇ ಇದೀವಿ. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರ್ಕೊಂಡು ಪಾಸ್‌ಕೀ ತರ್ತಿವೆ, ಬೆರಳಿಟ್ರೆ ಮುಖ ತೋರ್ಸಿದ್ರೆ ಸಾಕು, ಅಸಲಿ ಕೀ ನಮ್ಮ ಫೋನಲ್ಲೇ ಇರುತ್ತೆ, ನಕಲಿ ವೆಬ್‌ಸೈಟಿಗೆ ಮೋಸ ಹೋಗಿ ಟೈಪ್ ಮಾಡೋಕೆ ಏನೂ ಇರಲ್ಲ. ತಂತ್ರ ಒಳ್ಳೇದಿದೆ, ನಾನೂ ಬಳಸ್ತೀನಿ. ಆದ್ರೆ ಫೋನೇ ಕಳೆದುಹೋದ್ರೆ ಏನ್ಮಾಡೋದು ಅಂತ ಅಪ್ಪ ಕೇಳಿದ್ರೆ ಒಂದೇ ಉಸಿರಲ್ಲಿ ಉತ್ತರ ಹೇಳೋಕೆ ನಂಗಿನ್ನೂ ಆಗ್ತಿಲ್ಲ, ಪಾಸ್‌ವರ್ಡಾದ್ರೆ ಡೈರಿಯ ಕೊನೇ ಪುಟದಲ್ಲಿ ಬರೆದಿಡ್ತಿದ್ರು, ಅದು ತಪ್ಪೋ ಸರಿಯೋ ಅವರ ಕೈಲಿತ್ತು. ಈ ಪ್ರಶ್ನೆಗೆ ವಯಸ್ಸಾದೋರಿಗೂ ಅರ್ಥ ಆಗೋ ಉತ್ತರ ಸಿಗೋವರೆಗೂ ಪಾಸ್‌ವರ್ಡ್ ಸಾಯಲ್ಲ, ಸಾಯಬಾರದು ಕೂಡ.

ಇನ್ನು ತಾಮ್ರದ ತಂತಿಯ ಲ್ಯಾಂಡ್‌ಲೈನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಪಟ್ಟಿ ಹಾಕೋರು ಇದನ್ನ ಒಂದು ಸಾಲಲ್ಲಿ ಮುಗಿಸ್ಬಿಡ್ತಾರೆ. ಹಳೇ ಲ್ಯಾಂಡ್‌ಲೈನ್ ಫೋನಿಗೆ ಬೇಕಾದ ಕರೆಂಟು ಅದೇ ತಂತಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಂದಾನೇ ಬರುತ್ತೆ, ಎಕ್ಸ್‌ಚೇಂಜಲ್ಲಿ ದೊಡ್ಡ ಬ್ಯಾಟರಿಗಳಿರ್ತವೆ, ಅದಕ್ಕೇ ಮನೇಲಿ ಕರೆಂಟ್ ಹೋದ್ರೂ ಫೋನ್ ರಿಂಗ್ ಆಗ್ತಿತ್ತು. ಈಗ ಬರೋ ಇಂಟರ್ನೆಟ್ ಫೋನಿಗೆ ರೌಟರ್ ಬೇಕು, ರೌಟರಿಗೆ ಮನೆ ಕರೆಂಟ್ ಬೇಕು, ಕರೆಂಟ್ ಹೋಯ್ತೋ ಫೋನೂ ಹೋಯ್ತು. ಬ್ರಿಟನ್ನಲ್ಲಿ ಈ ಹಳೇ ಜಾಲಾನ 2025ರ ಕೊನೆಗೆ ಪೂರ್ತಿ ಬಂದ್ ಮಾಡೋ ಪ್ಲಾನ್ ಇತ್ತು. ಅಲ್ಲಿ ಒಬ್ಬೊಬ್ರೇ ಇರೋ ವಯಸ್ಸಾದೋರು ಕುತ್ತಿಗೇಲಿ ಒಂದು ಬಟನ್ ಹಾಕ್ಕೊಂಡಿರ್ತಾರೆ, ಬಿದ್ರೆ ಒತ್ತಿದ್ರೆ ಸಾಕು, ಸಹಾಯಕ್ಕೆ ಫೋನ್ ಹೋಗುತ್ತೆ, ಲಕ್ಷಾಂತರ ಜನರ ಆ ಬಟನ್ ಈ ತಾಮ್ರದ ತಂತೀನೇ ನಂಬ್ಕೊಂಡಿತ್ತು. ಹೊಸ ಲೈನಿಗೆ ಬದಲಾಯಿಸಿದ ಮೇಲೆ ಕೆಲವು ಕಡೆ ಬಟನ್ ಕೆಲಸ ಮಾಡದೇ ಗಂಭೀರ ಘಟನೆಗಳಾದವು, 2023ರ ಡಿಸೆಂಬರಲ್ಲಿ ಸರ್ಕಾರ ನಡುವೆ ಬಂದು ಬಲವಂತದ ಬದಲಾವಣೆ ನಿಲ್ಲಿಸ್ಬೇಕಾಯ್ತು, ಕೊನೇ ತಾರೀಖು 2027ರ ಜನವರಿಗೆ ಹೋಯ್ತು. ತಂತಿ ಹಳೇದು ಅನ್ನೋದು ಸುಳ್ಳೇನಲ್ಲ. ಆ ತಂತಿಯ ಕೊನೇಲಿ ಯಾರ ಕುತ್ತಿಗೆ ಇದೆ ಅಂತ ಮೊದಲೇ ಎಣಿಸ್ಬೇಕಿತ್ತು.

ಇದೇ ಥರ ಕಾರಿನ ಬಟನ್ನುಗಳ ಕಥೆ. ಇನ್ನು ಎಲ್ಲ ಟಚ್‌ಸ್ಕ್ರೀನೇ, ಬಟನ್ ಯುಗ ಮುಗೀತು ಅಂದ್ರು. ಬಟನ್ನನ್ನ ಕಣ್ಣು ರಸ್ತೆ ಮೇಲಿಟ್ಕೊಂಡೇ ಬೆರಳಲ್ಲಿ ತಡವಿ ಒತ್ಬಹುದು, ಗಾಜಿನ ಮೇಲೆ ಆಗಲ್ಲ, ಕಣ್ಣು ತಗೊಂಡ್ಹೋಗಿ ಅಲ್ಲೇ ಇಡಬೇಕು. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್ ಥರದ ಮುಖ್ಯವಾದವಕ್ಕೆ ಕೈಗೆ ಸಿಗೋ ಬಟನ್ ಇಲ್ಲದಿದ್ರೆ ಅಂಕ ಕಳೀತಿದೆ. ಅಮೆರಿಕದ ನೌಕಾಪಡೆ ಇದೇ ಪಾಠ ಕಲಿಯೋಕೆ ಜೀವಗಳೇ ಹೋದವು, 2017ರಲ್ಲಿ ಜಾನ್ ಎಸ್ ಮೆಕೇನ್ ಅನ್ನೋ ಯುದ್ಧನೌಕೆ ತೈಲ ಹಡಗಿಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು, ತನಿಖೇಲಿ ಗೊಂದಲದ ಟಚ್‌ಸ್ಕ್ರೀನ್ ನಿಯಂತ್ರಣಾನೂ ಒಂದು ಕಾರಣ ಅಂತ ಬಂತು, ಆಮೇಲೆ ಕೈಯಲ್ಲಿ ಹಿಡಿದು ತಳ್ಳೋ ಲಿವರ್‌ಗಳನ್ನ ವಾಪಸ್ ಹಾಕೋ ತೀರ್ಮಾನ ಆಯ್ತು.

ರೇಡಿಯೋನೂ ಹಂಗೇ. 2025ರ ಏಪ್ರಿಲ್ 28ಕ್ಕೆ ಸ್ಪೇನ್ ಪೋರ್ಚುಗಲ್ ಎರಡೂ ದೇಶದಲ್ಲಿ ಒಟ್ಟಿಗೆ ಕರೆಂಟ್ ಹೋಯ್ತಲ್ಲ, ಮೊಬೈಲ್ ನೆಟ್‌ವರ್ಕ್ ಒಂದೊಂದಾಗಿ ಬಿತ್ತು, ಏನಾಗ್ತಿದೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಆಗ ಬೀದೀಲಿ ಜನ ಒಂದು ಬ್ಯಾಟರಿ ರೇಡಿಯೋ ಸುತ್ತ ಗುಂಪು ಕಟ್ಕೊಂಡು ನಿಂತು ಸುದ್ದಿ ಕೇಳಿದ್ರು. ಅದಕ್ಕೆ ಲಾಗಿನ್ ಬೇಡ, ಅಪ್‌ಡೇಟ್ ಬೇಡ, ಎರಡು ಸೆಲ್ ಇದ್ರೆ ಆಯ್ತು. ನೋಟಿನ ವಿಷಯದಲ್ಲೂ ಇದೇ ಆಗ್ತಿದೆ, ನಗದು ಬಳಕೆ ತುಂಬ ಕಮ್ಮಿ ಆಗಿರೋ ಸ್ವೀಡನ್ ಸರ್ಕಾರಾನೇ 2024ರಲ್ಲಿ ಮನೆಮನೆಗೆ ಕಳಿಸಿದ ಕೈಪಿಡೀಲಿ ಕಷ್ಟಕಾಲಕ್ಕೆ ಸ್ವಲ್ಪ ನಗದು ಇಟ್ಕೊಳ್ಳಿ ಅಂದಿದೆ. ಹಾಗಾಗಿ ರೇಡಿಯೋ, ನೋಟು, ಕಾಗದ, ಬಟನ್ ಇವನ್ನ ನಿಮ್ಮ ಪಟ್ಟಿಯಿಂದ ದಯವಿಟ್ಟು ತೆಗೀರಿ. ಬಳಕೆ ಕಮ್ಮಿ ಆಗ್ಬಹುದು, ಕೆಲಸ ಮುಗಿದಿಲ್ಲ.

ಈಗ ನಂಗೆ ನಿಜವಾಗ್ಲೂ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. ಸೆಕೆಂಡ್ ಸೈಟ್ ಅನ್ನೋ ಒಂದು ಅಮೆರಿಕದ ಕಂಪನಿ ಇತ್ತು. ಕಣ್ಣು ಪೂರ್ತಿ ಹೋದೋರಿಗೆ ಆರ್ಗಸ್ 2 ಅನ್ನೋ ಸಾಧನ ಹಾಕ್ತಿದ್ರು. ಕನ್ನಡಕದ ಮೇಲೆ ಒಂದು ಪುಟ್ಟ ಕ್ಯಾಮೆರಾ, ಸೊಂಟಕ್ಕೆ ಸಿಗಿಸ್ಕೊಳ್ಳೋ ಒಂದು ಪೆಟ್ಟಿಗೆ, ಕಣ್ಣಿನ ಒಳಗೆ ರೆಟಿನಾ ಮೇಲೆ ಆಪರೇಷನ್ ಮಾಡಿ ಕೂರಿಸಿದ 60 ಎಲೆಕ್ಟ್ರೋಡು. ನಾವು ನೋಡೋ ಹಾಗೆ ಕಾಣಲ್ಲ, ಬೆಳಕಿನ ಚುಕ್ಕೆಗಳು, ಬಾಗಿಲಿನ ಅಂಚು, ಯಾರೋ ನಿಂತಿರೋ ನೆರಳು, ಅಷ್ಟೇ, ವರ್ಷಾನುಗಟ್ಟಲೆ ಕತ್ತಲೇಲಿದ್ದೋರಿಗೆ ಅದು ಎಷ್ಟು ದೊಡ್ಡದು ಅಂತ ಯೋಚನೆ ಮಾಡಿ. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನರ ಕಣ್ಣಲ್ಲಿ ಇದಿತ್ತು. ಕಂಪನಿ ಈ ಸಾಧನ ಮಾಡೋದನ್ನೇ ಕೈಬಿಡ್ತು, 2020ರಲ್ಲಿ ದಿವಾಳಿ ಅಂಚಿಗೂ ಬಂತು, ಹೆಚ್ಚಿನ ಕೆಲಸಗಾರರನ್ನ ತೆಗೆದ್ರು. ಕನ್ನಡಕ ಮುರಿದ್ರೆ ರಿಪೇರಿ ಇಲ್ಲ, ಪೆಟ್ಟಿಗೆ ಕೆಟ್ರೆ ಬದಲಿ ಇಲ್ಲ. 2022ರಲ್ಲಿ ಐಟ್ರಿಪಲ್‌ಇ ಸ್ಪೆಕ್ಟ್ರಮ್ ಪತ್ರಿಕೆ ಇದನ್ನೆಲ್ಲ ಬರೆದಾಗ ಲೋಕಕ್ಕೆ ಗೊತ್ತಾಯ್ತು. ಫೋನಿನ ಸಪೋರ್ಟ್ ನಿಂತ್ರೆ ಡ್ರಾಯರಿಗೆ ಹಾಕ್ತೀವಿ. ಕಣ್ಣಿನ ಸಪೋರ್ಟ್ ನಿಂತ್ರೆ ಎಲ್ಲಿಗೆ ಹಾಕ್ಬೇಕು? ಇದನ್ನ ಓದಿದ ರಾತ್ರಿ ನಂಗೆ ಅಪ್ಪನ ಚಾಚಿದ ತೋಳೇ ಕಣ್ಮುಂದೆ ಬರ್ತಿತ್ತು. ನಮ್ಮದು ಅದರ ಮುಂದೆ ಏನೇನೂ ಅಲ್ಲ, ಒಪ್ಕೋತೀನಿ, ಆದ್ರೂ ಎರಡರ ಬೇರು ಒಂದೇ.

ಸಣ್ಣಪುಟ್ಟ ಉದಾಹರಣೆ ಬೇಕಂದ್ರೆ ಸಾಲುಸಾಲು ಇವೆ. ಮನೆ ಲೈಟು ಬೀಗ ಎಲ್ಲ ನಡೆಸ್ತಿದ್ದ ರಿವಾಲ್ವ್ ಅನ್ನೋ ಪುಟ್ಟ ಡಬ್ಬಿನ 2016ರ ಮೇ ತಿಂಗಳಲ್ಲಿ ಅದನ್ನ ಕೊಂಡಿದ್ದ ಕಂಪನಿಯೇ ಆಫ್ ಮಾಡ್ತು, ಡಬ್ಬಿ ಚೆನ್ನಾಗೇ ಇತ್ತು, ಸರ್ವರ್ ಇರ್ಲಿಲ್ಲ. ಸ್ಪಾಟಿಫೈ ಕಾರಿಗೆ ಅಂತ ಮಾರಿದ ಕಾರ್ ಥಿಂಗ್ ಅನ್ನೋ ಪುಟ್ಟ ಸ್ಕ್ರೀನನ್ನ 2024ರ ಡಿಸೆಂಬರಲ್ಲಿ ನಿಲ್ಲಿಸ್ತು. ಇನ್ನು ಫೋನಿಗೇ ಬದಲಿ ಅಂತ 2024ರ ಏಪ್ರಿಲಲ್ಲಿ ಬಂದ, ಬಟ್ಟೆಗೆ ಸಿಗಿಸ್ಕೊಳ್ಳೋ ಹ್ಯೂಮೇನ್ ಎಐ ಪಿನ್ ಅನ್ನೋ ಸಾಧನ 2025ರ ಫೆಬ್ರವರಿ ಕೊನೆಗೆ ಬಂದ್, ಒಂದು ವರ್ಷ ಕೂಡ ತುಂಬ್ಲಿಲ್ಲ. ಪಟ್ಟಿಗಳಲ್ಲಿ ಸಾಯ್ತಾ ಇದೆ ಅಂತ ಬರೆಸ್ಕೊಂಡಿದ್ದ ಫೋನು ಇದೆ, ಅದನ್ನ ಸಾಯಿಸೋಕೆ ಬಂದಿದ್ದು ಇಲ್ಲ.

ಲ್ಯಾಪ್‌ಟಾಪ್ ಕಂಪ್ಯೂಟರ್ ವಿಷಯಾನೂ ಹೇಳ್ಲೇಬೇಕು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು, ಇಂಥಿಂಥ ಪ್ರೊಸೆಸರ್ ಅಂತ ಷರತ್ತಿದೆ, ಅದಿಲ್ಲದ ಎಷ್ಟೋ ಕಂಪ್ಯೂಟರುಗಳು ಕೀಬೋರ್ಡ್ ಸರಿ ಇದ್ದು ಸ್ಕ್ರೀನ್ ಸರಿ ಇದ್ದು ದಿನದ ಕೆಲಸಕ್ಕೆ ಏನೂ ಕಮ್ಮಿ ಇಲ್ಲದಿದ್ರೂ ಕಾಗದದ ಮೇಲೆ ಹಳೇದಾಗಿಬಿಟ್ವು. ಭದ್ರತೆಗೆ ಆ ಚಿಪ್ಪು ಒಳ್ಳೇದು ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತಲ್ಲಿ 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸ ಬಂದಿದೆ, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರೋದು ನೂರಕ್ಕೆ 22.3 ಮಾತ್ರ. ಉಳಿದಿದ್ದು ಎಲ್ಲೋ ಸುಡ್ತಿದೆ, ಎಲ್ಲೋ ಹೂತ್ಕೊಂಡಿದೆ, ಎಷ್ಟೋ ಮನೆಗಳ ಅಟ್ಟದ ಮೇಲೆ ಕೂತಿದೆ. ತಾರೀಖು ನಿರ್ಧಾರ ಮಾಡೋ ಮೀಟಿಂಗಲ್ಲಿ ಈ ಅಂಕಿ ಯಾರಾದ್ರೂ ಓದ್ತಾರಾ?

ವಸ್ತು ಹೋದ್ರೆ ಹೋಗ್ಲಿ ಅನ್ಬಹುದು, ಅದರೊಳಗೆ ಇದ್ದಿದ್ದು? ಬ್ರಿಟನ್ನಲ್ಲಿ 1086ರಲ್ಲಿ ಡೂಮ್ಸ್‌ಡೇ ಬುಕ್ ಅನ್ನೋ ಜಮೀನು ಲೆಕ್ಕದ ಪುಸ್ತಕ ಬರೆಸಿದ್ರು, ಅದರ 900ನೇ ವರ್ಷಕ್ಕೆ ಅಂತ 1986ರಲ್ಲಿ ಬಿಬಿಸಿ ಜನಜೀವನದ ಫೋಟೋ, ಬರಹ, ನಕ್ಷೆ ಎಲ್ಲ ಸೇರಿಸಿ ಹೊಸದೊಂದು ಮಾಡ್ತು, ಅದನ್ನ ಆಗಿನ ಕಾಲದ ಹೊಸ ತಂತ್ರಜ್ಞಾನ ಲೇಸರ್ ಡಿಸ್ಕ್ ಮೇಲೆ ಹಾಕಿದ್ರು, ಹತ್ತು ಲಕ್ಷದಷ್ಟು ಜನ ಅದಕ್ಕೆ ಕೆಲಸ ಮಾಡಿದ್ರು, ಅದರಲ್ಲಿ ಹೆಚ್ಚಿನವರು ಸ್ಕೂಲ್ ಮಕ್ಕಳು. ಹದಿನೈದು ವರ್ಷ ಆಗೋದ್ರೊಳಗೆ ಅದನ್ನ ಓದೋ ಮಷಿನ್ ಸಿಗೋದೇ ಕಷ್ಟ ಆಯ್ತು, 2002ರ ಹೊತ್ತಿಗೆ ಸಂಶೋಧಕರು ಹಳೇ ಕಂಪ್ಯೂಟರನ್ನ ಅನುಕರಿಸೋ ಸಾಫ್ಟ್‌ವೇರ್ ಬರೆದು ಅದನ್ನ ಉಳಿಸ್ಬೇಕಾಯ್ತು. ಚರ್ಮದ ಹಾಳೆ ಮೇಲೆ ಶಾಯೀಲಿ ಬರೆದಿದ್ದ 1086ರ ಪುಸ್ತಕಾನ ಇವತ್ತೂ ತೆರೆದು ಓದ್ಬಹುದು. ಅಪ್ಪನ ಆರು ವರ್ಷದ ಬಿಪಿ ಲೆಕ್ಕ ಯಾವ ಸಂಶೋಧಕರೂ ಉಳಿಸೋಕೆ ಬರಲ್ಲ, ಬರಬೇಕಾಗೂ ಇಲ್ಲ, ಹೋಗೋ ಮುಂಚೆ ಒಂದು ಸಾದಾ ಎಕ್ಸೆಲ್ ಫೈಲು ಕೊಟ್ಟಿದ್ರೆ ಸಾಕಿತ್ತು.

ಹಂಗಾಗಿ ನಾನು ಕೇಳ್ತಿರೋದು ಹೊಸದನ್ನ ತರಬೇಡಿ ಅಂತ ಅಲ್ಲವೇ ಅಲ್ಲ. ಡಬ್ಬಿ ಮೇಲೆ ತಾರೀಖು ಹಾಕಿ. ಔಷಧಿಗೆ ಇರುತ್ತಲ್ಲ ಹಂಗೆ, ಈ ಸಾಧನದ ಸರ್ವರ್, ಆಪ್, ಅಪ್‌ಡೇಟ್ ಇಂಥ ದಿನದವರೆಗೂ ಇರುತ್ತೆ ಅಂತ ಕಾಸು ಕೊಡೋ ಮುಂಚೇನೇ ಗೊತ್ತಾಗ್ಲಿ. ಇದೇನು ಆಗದ ಮಾತಲ್ಲ, ಬ್ರಿಟನ್ನಲ್ಲಿ 2024ರ ಏಪ್ರಿಲ್ 29ರಿಂದ ಇಂಟರ್ನೆಟ್ಟಿಗೆ ಸೇರೋ ಸಾಧನ ಮಾಡೋರು ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿವರೆಗೂ ಕೊಡ್ತೀವಿ ಅಂತ ಹೇಳ್ಲೇಬೇಕು, ಕಾನೂನಾಗಿದೆ. ಯುರೋಪಿಯನ್ ಯೂನಿಯನ್ನಲ್ಲಿ 2025ರ ಜೂನ್ 20ರಿಂದ ಹೊಸ ಮಾಡೆಲ್ ಫೋನುಗಳಿಗೆ, ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟು, 7 ವರ್ಷ ಬಿಡಿಭಾಗ ಕೊಡಬೇಕು ಅಂತಿದೆ. ಅಲ್ಲಿ ಆಗುತ್ತೆ ಅಂದ್ರೆ ಎಲ್ಲಾ ಕಡೆ ಯಾಕಾಗಲ್ಲ? ಅದೇ ಕಂಪನಿ, ಅದೇ ಫೋನು.

ನಿಮಗೆ ನಡೆಸೋಕೆ ಆಗದೇ ಇದ್ರೆ ಬಿಟ್ಟುಕೊಡಿ. ಪೆಬಲ್ ಅನ್ನೋ ಸ್ಮಾರ್ಟ್‌ವಾಚ್ ಕಂಪನಿ 2016ರ ಕೊನೆಗೆ ಮುಚ್ಚಿದಾಗ ಅದನ್ನ ಪ್ರೀತಿಸ್ತಿದ್ದ ಜನಾನೇ ಸೇರ್ಕೊಂಡು ರೆಬಲ್ ಅಂತ ಮಾಡ್ಕೊಂಡು ಅದರ ಸರ್ವರ್ ಕೆಲಸ ತಮ್ಮ ಹೆಗಲ ಮೇಲೆ ಹಾಕ್ಕೊಂಡ್ರು, ವಾಚುಗಳು ಓಡ್ತಾನೇ ಇದ್ವು, 2025ರ ಜನವರೀಲಿ ಗೂಗಲ್ ತನ್ನ ಹತ್ರ ಇದ್ದ ಪೆಬಲ್ ಸಾಫ್ಟ್‌ವೇರಿನ ಮೂಲ ಕೋಡನ್ನೇ ಎಲ್ರಿಗೂ ತೆರೆದಿಟ್ಟಿತು. ನೀವು ಮುಚ್ಚೋ ದಿನ ಆ ಬಿಪಿ ಮಷಿನ್ ಬ್ಲೂಟೂತಲ್ಲಿ ಫೋನ್ ಜೊತೆ ಹೇಗೆ ಮಾತಾಡುತ್ತೆ ಅಂತ ನಾಲ್ಕು ಪುಟ ಹೊರಗೆ ಹಾಕಿದ್ರೆ ಯಾವನೋ ಒಬ್ಬ ಹುಡುಗ ಶನಿವಾರ ಭಾನುವಾರ ಕೂತು ಒಂದು ಆಪ್ ಬರೆದುಬಿಡ್ತಿದ್ದ, ಅಪ್ಪನ ಹಸಿರು ಲೈಟು ಮಾತಾಡ್ತಿತ್ತು. ನಿಮಗೆ ಬೇಡವಾದ ವಸ್ತುವಿನ ಗುಟ್ಟು ಇಟ್ಕೊಂಡು ನಿಮಗೇನು ಲಾಭ ಅನ್ನೋದು ನಂಗೆ ಎಷ್ಟು ಯೋಚಿಸಿದ್ರೂ ಅರ್ಥ ಆಗ್ತಿಲ್ಲ.

ಆಮೇಲೆ ದೇಹಕ್ಕೆ, ಜೀವಕ್ಕೆ ಅಂಟ್ಕೊಂಡಿರೋ ಸಾಧನ ಇದ್ರೆ, ಕಣ್ಣಿನ ಒಳಗಿರಲಿ, ಕಿವಿಯೊಳಗಿರಲಿ, ಕುತ್ತಿಗೆಯ ಬಟನ್ ಇರಲಿ, ತೋಳಿನ ಪಟ್ಟಿ ಇರಲಿ, ಅದಕ್ಕೆ ಬೇರೆಯೇ ನಿಯಮ ಬೇಕು. ಕಂಪನಿ ಮುಳುಗಿದ್ರೂ ರಿಪೇರಿ ನಡೀಬೇಕು, ಅದಕ್ಕೆ ಬೇಕಾದ ಹಣ, ನಕ್ಷೆ, ಕೋಡ್ ಮೊದಲೇ ಮೂರನೆಯವರ ಹತ್ರ ಠೇವಣಿ ಇಟ್ಟಿರಬೇಕು, ಇಡದೇ ಇದ್ರೆ ಮಾರೋಕೇ ಬಿಡಬಾರದು. ಇದನ್ನ ಸರ್ಕಾರಗಳೇ ಮಾಡಬೇಕು, ಕಂಪನಿಗಳು ತಾವಾಗೇ ಮಾಡ್ತಾರೆ ಅನ್ನೋ ನಂಬಿಕೆ ನಂಗಿಲ್ಲ. ಮತ್ತೆ ಮಾಡೋ ಎಂಜಿನಿಯರುಗಳಿಗೆ ಒಂದು ಮಾತು, ಅಳತೆ ಮಾಡೋ ಮಷಿನ್ ಮೇಲೆ ಅಳತೆ ತೋರಿಸೋ ಒಂದು ಪುಟ್ಟ ಪರದೆ ಇಡಿ. ಎರಡು ಅಂಕಿ ಕಂಡ್ರೆ ಸಾಕು. ಫೋನಿಗೂ ಕಳಿಸಿ, ಬೇಡ ಅನ್ನಲ್ಲ, ಆದ್ರೆ ಫೋನ್ ಇಲ್ಲದಿದ್ರೂ ಅದು ಮಷಿನ್ ಆಗೇ ಇರಬೇಕು.

ಪಟ್ಟಿ ಹಾಕೋರೇ, ಮುಂದಿನ ಸಲ ಬರೆಯುವಾಗ "ಇದು ಹೋಗುತ್ತೆ" ಅಂತ ಬರೆದ ಪಕ್ಕದಲ್ಲೇ ಇದನ್ನ ಯಾರು ನಿಲ್ಲಿಸ್ತಾರೆ, ನಿಲ್ಲಿಸೋ ದಿನ ಇದನ್ನೇ ನಂಬ್ಕೊಂಡಿರೋರು ಎಷ್ಟು ಜನ ಅಂತಾನೂ ಬರೀರಿ. ಅದು ಮಳೆ ಬಂದ ಹಾಗೆ ತಾನಾಗೇ ಆಗೋದಲ್ಲ, ಯಾವುದೋ ಮೀಟಿಂಗಲ್ಲಿ ಯಾರೋ ಸಹಿ ಹಾಕಿರ್ತಾರೆ.

ಆ ಬಿಪಿ ಮಷಿನ್ ಇನ್ನೂ ಎಸೆದಿಲ್ಲ, ಡಬ್ಬಿ ಸಮೇತ ಹಾಗೇ ಇಟ್ಟಿದೀನಿ. ಅದನ್ನ ಮಾಡಿದ ಕಂಪನಿಯವರು ಯಾರಾದ್ರೂ ಈ ಪತ್ರ ಓದಿದ್ರೆ, ಹೊಸ ಮಾಡೆಲ್ ನಮಗೆ ಬೇಡ, ಅಪ್ಪನ ಹಳೇ ರೀಡಿಂಗ್ ಫೈಲು ಮಾತ್ರ ಕಳಿಸಿಕೊಡಿ, ಬರೋ ತಿಂಗಳು ಡಾಕ್ಟರ್ ಹತ್ರ ಹೋಗೋದಿದೆ, ಅವರು ಹಿಂದಿನ ಲೆಕ್ಕ ಕೇಳಿದಾರೆ.

ಇತಿ,
ನಿಮ್ಮ ಗ್ರಾಹಕಿ